ಬಿಳಿ ಚಾರ್ಕೋಲ್ ಪೆನ್ಸಿಲ್: ಕುಣಿಗಲ್ ಕುದುರೆ ಬರೆದು ನೋಡಿದ ಮೇಲೆ

ಬೋರ್ಡ್ ಬರೆಯೋದು ನನ್ನ ಕಸುಬು. ಫ್ಲೆಕ್ಸ್ ಬಂದ ಮೇಲೆ ಬ್ರಶ್ಶಿಗೆ ಕೆಲಸ ಕಮ್ಮಿ. ಬಿಡುವು ಜಾಸ್ತಿಯಾಯ್ತು ಅಂತ ತುಮಕೂರಿನ ಎಂ.ಜಿ. ರಸ್ತೆ ಕಡೆ ಹೋದಾಗ ಬಿಳಿ ಚಾರ್ಕೋಲ್ ಪೆನ್ಸಿಲ್ಲಿನ ಪ್ಯಾಕು ತಂದೆ. ಸಾಫ್ಟ್, ಮೀಡಿಯಂ, ಹಾರ್ಡ್, ಒಟ್ಟು ಮೂರು. "ತಾತ, ಇದ್ದಿಲು ಕರ್ರಗಲ್ವಾ ಇರೋದು?" ಅಂದಳು ಮೊಮ್ಮಗಳು. ಸರಿಯಾಗೇ ಕೇಳಿದಳು. ಇದರಲ್ಲಿ ಇದ್ದಿಲೇ ಇಲ್ಲ. ಸುಣ್ಣದ ಜಾತಿಯ ಬಿಳಿ ಪುಡಿಗೆ ಅಂಟು ಸೇರಿಸಿ ಮಾಡಿದ ಕಡ್ಡಿ, ಸೀಮೆಸುಣ್ಣಕ್ಕೆ ದೊಡ್ಡಪ್ಪನ ಮಗ ಅನ್ನಿ.

ಬರೆಯೋಕೆ ಕುದುರೆ ಬಿಟ್ಟು ಬೇರೇನೂ ತೋಚಲಿಲ್ಲ. ನಮ್ಮ ಜಿಲ್ಲೆಯಲ್ಲಿ ಕುದುರೆ ಅಂದರೆ ಕುಣಿಗಲ್ಲೇ, ಟಿಪ್ಪು ಕಾಲದಿಂದ ಹೆಸರಾದ ಫಾರಂ. ಅಲ್ಲಿನ ಹೆಣ್ಣು ಕುದುರೆಯೊಂದರ ಫೋಟೋ ನೆಂಟರೊಬ್ಬರ ಮೊಬೈಲಲ್ಲಿತ್ತು. ಕಂದು ಮೈ, ಹಣೆಯಿಂದ ಮೂಗಿನವರೆಗೆ ಬಿಳಿ ನಾಮ.

ಮೊದಲನೇ ಕುದುರೆ ಕೆಟ್ಟಿದ್ದು ಪೆನ್ಸಿಲ್ಲಿಂದಲ್ಲ, ನನ್ನ ಕೈಯಿಂದ. ಮೂವತ್ತು ವರ್ಷ ಬಿಳಿ ಗೋಡೆ ಮೇಲೆ ನೆರಳು ಹಾಕಿದ ಕೈ, ಈ ಕರಿ ಕಾಗದದ ಮೇಲೂ ನೆರಳಿದ್ದ ಕಡೆಗೇ ಓಡಿತು. ದವಡೆ ಕೆಳಗೆ, ಕಣ್ಣಿನ ಗುಳಿಯಲ್ಲಿ, ಮೂಗಿನ ಹೊಳ್ಳೆ ಒಳಗೆ ಬಿಳಿ ತುಂಬಿಬಿಟ್ಟೆ. ದೂರ ಇಟ್ಟು ನೋಡಿದರೆ ಹಳೇ ಸ್ಟುಡಿಯೋದ ಫೋಟೋ ನೆಗೆಟಿವ್! ಕರಿ ಕಾಗದದಲ್ಲಿ ನೆರಳು ಮೊದಲೇ ಬಿದ್ದಿರುತ್ತೆ, ಬೆಳಕು ಎಲ್ಲಿದೆಯೋ ಅಲ್ಲಿ ಮಾತ್ರ ಪೆನ್ಸಿಲ್ ಇಡಬೇಕು.

ಎರಡನೇ ಸಲ ಕೆನ್ನೆಮೂಳೆ ಮೇಲೆ ಮೀಡಿಯಂ ಹಗುರವಾಗಿ ಆಡಿಸಿ ಬೆರಳಲ್ಲಿ ತಿಕ್ಕಿದೆ. ಬೂದಿ ಬಣ್ಣ ಬಂತು, ಕೂದಲಿನ ಹೊಳಪು ತಾನಾಗೇ ಕಂಡಿತು. ಹೊಳ್ಳೆ ಒಳಗೆ ಏನೂ ಬರೆಯಲಿಲ್ಲ, ಅಂಚಿಗೆ ಒಂದು ಗೆರೆ ಅಷ್ಟೆ. ಸಾಫ್ಟನ್ನು ಒತ್ತಿ ಬಳಸಿದ್ದು ಎರಡೇ ಕಡೆ: ಕಣ್ಣಿನ ಮಿಂಚಿಗೆ, ಹಣೆಯ ನಾಮಕ್ಕೆ. ಕೆನ್ನೆಗೂ ಅಷ್ಟೇ ಬಿಳಿ ಸುರಿದಿದ್ದರೆ ನಾಮ ಎದ್ದು ಕಾಣಲು ಬಿಳಿ ಎಲ್ಲಿಂದ ತರೋದು? ಜೂಲಿನ ಎಳೆಗಳನ್ನು ಬರೆಯಲೇ ಇಲ್ಲ, ಹಿಟ್ಟಿನ ಹಾಗೆ ನಾದೋ ರಬ್ಬರನ್ನು ಚೂಪು ಮಾಡಿ ಬಿಳಿಯಲ್ಲೇ ಎಳೆದು ತೆಗೆದೆ.

ಕಾಗದಕ್ಕೆ ಜುಗ್ಗತನ ಬೇಡ. ಸ್ಕೂಲ್ ಪ್ರಾಜೆಕ್ಟಿನ ಕರಿ ಚಾರ್ಟು ನುಣುಪು, ಎರಡನೇ ಸಲಕ್ಕೇ ಪುಡಿ ಹಿಡಿಯದೆ ಜಾರುತ್ತೆ. ಆಮೇಲೆ ಕ್ಯಾನ್ಸನ್ ಕಂಪನಿಯ ಮಿ-ತೈಂತ್ ಅನ್ನೋ ಕಾಗದ ತರಿಸಿದೆ, 160 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 160 ಗ್ರಾಂ ತೂಗೋದು. ಅದರ ಒಂದು ಮಗ್ಗುಲು ಜೇನುಗೂಡಿನ ಹಾಗೆ ತರಿತರಿ, ಇನ್ನೊಂದು ಸಣ್ಣ ತರಿ. ಕುದುರೆ ಮೈಗೆ ಸಣ್ಣ ತರಿಯದೇ ಸರಿ, ಇನ್ನೊಂದರಲ್ಲಿ ಬರೆದರೆ ಸಿಡುಬು ಬಂದ ಕುದುರೆ ಆಗುತ್ತೆ.

ಪೆನ್ಸಿಲ್ ಮೇಲೆ ನನ್ನ ತಕರಾರು ಒಂದೇ. ಸಾಫ್ಟ್‌ ಕಡ್ಡಿ ಮೆಂಡರಿಗೆ ಹಾಕಿದರೆ ಪಟ್ ಪಟ್ ಅಂತ ಮುರಿಯುತ್ತೆ. ಅರ್ಧ ಪೆನ್ಸಿಲ್ ಹಾಗೇ ಹೋಯ್ತು. ಬ್ಲೇಡಲ್ಲಿ ಮರ ಮಾತ್ರ ಹೆರೆದು, ಮೊನೆಯನ್ನು ಉಪ್ಪುಕಾಗದಕ್ಕೆ ಉಜ್ಜಿ.

ಇನ್ನು ಫಿಕ್ಸೇಟಿವ್. ಪುಡಿ ಉದುರದಿರಲಿ ಅಂತ ಸ್ಪ್ರೇ ಹೊಡೆದೆ ನೋಡಿ, ಕಣ್ಣೆದುರಿಗೇ ನಾಮ ಮಾಯ! ಒಣಗಿದ ಮೇಲೆ ಒಂದಷ್ಟು ವಾಪಸ್ ಬಂತು, ಪೂರ್ತಿ ಬರಲಿಲ್ಲ. ಸುಣ್ಣ ಬಳಿದ ಗೋಡೆ ಒದ್ದೆಯಾದಾಗ ಮಂಕಾಗೋದು ಗೊತ್ತಿದ್ದವನಿಗೆ ಇದು ಹೊಳೆಯಬೇಕಿತ್ತು. ನಾಮದ ಮೇಲೆ ಮತ್ತೆ ಸಾಫ್ಟ್ ಎಳೆದು, ಸ್ಪ್ರೇ ಮುಟ್ಟದೆ ಫ್ರೇಮಿಗೆ ಕೊಟ್ಟೆ. ಸುತ್ತ ಮೌಂಟ್, ಅಂದರೆ ದಪ್ಪ ರಟ್ಟಿನ ಅಂಚು, ಹಾಕಿಸಿದ್ದರಿಂದ ಗಾಜು ಚಿತ್ರಕ್ಕೆ ತಾಗಲ್ಲ. ಅಕ್ರಿಲಿಕ್ ಹಾಳೆ ಬೇಡ ಅಂದೆ, ಅದನ್ನು ಒರೆಸಿದಾಗ ಪುಡಿಯನ್ನೇ ಸೆಳೆದುಕೊಳ್ಳುತ್ತೆ.

ಹಾರ್ಡ್ ಪೆನ್ಸಿಲ್ಲು ಮೊದಲ ಗುರುತಿನ ಗೆರೆ ಬಿಟ್ಟರೆ ಬೇರೆ ಯಾವುದಕ್ಕೂ ಬೇಕಾಗಲಿಲ್ಲ. ಮೊಮ್ಮಗಳು ಅದನ್ನು ಸ್ಲೇಟಿಗೆ ಇಟ್ಟುಕೊಂಡಿದ್ದಾಳೆ. ಅಂಗಡಿಯವರು ಬಿಡಿಯಾಗಿ ಕೊಟ್ಟರೆ ಪ್ಯಾಕು ಬಿಡಿ, ಎರಡು ಸಾಫ್ಟು, ಒಂದು ಮೀಡಿಯಂ ತಗೊಳ್ಳಿ.