0.15 ಓಮ್ ಕಾಯಿಲ್‌ಗೆ 20 ಎಂಜಿ ನಿಕೋಟಿನ್ ಸಾಲ್ಟ್ ಕೊಟ್ಟು ಕಳಿಸಿದರು: ಹೊಸದಾಗಿ ವೇಪ್ ಕೊಳ್ಳುವವರು ದಯವಿಟ್ಟು ಓದಿ

ಮೊದಲೇ ಹೇಳಿಬಿಡುತ್ತೇನೆ. ಇದು ಇಂಗ್ಲೆಂಡಿನಲ್ಲಿದ್ದುಕೊಂಡು, ಸಿಗರೇಟ್ ಬಿಡಬೇಕು ಅಂತ ವೇಪ್ (ಇ-ಸಿಗರೇಟ್) ಕಡೆ ನೋಡುತ್ತಿರುವ ನಮ್ಮವರಿಗೆ ಮಾತ್ರ. ಸಿಗರೇಟನ್ನೇ ಸೇದದವರು ಇದರ ಹತ್ತಿರ ಸುಳಿಯುವುದೇ ಬೇಡ. ಊರಲ್ಲಿರುವವರಿಗೂ ಅಲ್ಲ, ಭಾರತದಲ್ಲಿ 2019ರಿಂದ ಇದು ಪೂರ್ತಿ ನಿಷೇಧ.

109 ಪೌಂಡ್ ಹೋಯಿತು. ನಮ್ಮ ಲೆಕ್ಕದಲ್ಲಿ 12,000 ರೂಪಾಯಿಗೂ ಮೇಲೆ. ದುಡ್ಡು ಹೋಗಲಿ. ಒಂಬತ್ತು ದಿನ ಸಿಗರೇಟ್ ಮುಟ್ಟದೆ ಇದ್ದವನು ಹತ್ತನೇ ದಿನ ರಾತ್ರಿ ಮಳೆಯಲ್ಲಿ ನಡೆದು ಹೋಗಿ ಪ್ಯಾಕ್ ಕೊಂಡು ತಂದೆನಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತಿದೆ. ಹದಿನಾಲ್ಕು ವರ್ಷದ ಚಟ. ಅಷ್ಟು ಗಟ್ಟಿ ಮನಸ್ಸು ಮಾಡಿದ್ದು ಅದೇ ಮೊದಲ ಸಲ.

ಮುಂಚೆ ಒಬ್ಬ ಗೆಳೆಯನ ಹತ್ತಿರ ಬಳಸಿ ಬಿಸಾಡುವ ವೇಪ್ ಎಳೆದು ನೋಡಿದ್ದೆ. ಹಿಡಿಸಿತ್ತು. ಎಳೆದರೆ ಬರುತ್ತೆ, ಮುಗಿದರೆ ಬಿಸಾಡು, ಏನೂ ಸೆಟ್ ಮಾಡುವ ಗೋಜಿಲ್ಲ. 2025ರ ಜೂನ್ 1ರಿಂದ ಅದು ಇಲ್ಲಿ ಬ್ಯಾನ್ ಆಯಿತು. ಈಗ ಹೊಸಬರೆಲ್ಲ ಚಾರ್ಜ್ ಮಾಡಿ, ಲಿಕ್ವಿಡ್ ತುಂಬಿಸಿ ಬಳಸುವುದನ್ನೇ ಕೊಳ್ಳಬೇಕು. ಕಾಯಿಲ್ (ಲಿಕ್ವಿಡ್ ಹೀರುವ ಹತ್ತಿ ಸುತ್ತಿದ, ಅದನ್ನು ಬಿಸಿ ಮಾಡಿ ಆವಿಯಾಗಿಸುವ ಪುಟ್ಟ ತಂತಿ), ಅದರ ಓಮ್, ಅದಕ್ಕೆ ಕೊಡುವ ವ್ಯಾಟ್ ಅನ್ನುವ ತಲೆನೋವು ಶುರುವಾಗುವುದು ಅಲ್ಲಿಂದಲೇ. ಏನೂ ಗೊತ್ತಿಲ್ಲದವನು ಅಂಗಡಿಯವನನ್ನು ನಂಬದೆ ಇನ್ನು ಯಾರನ್ನು ನಂಬಬೇಕು ಹೇಳಿ?

ಕಳೆದ ನವೆಂಬರ್‌ನಲ್ಲಿ ಒಂದು ಶನಿವಾರ ಹೋದೆ. ಇಲ್ಲಿ ನಾವಿರುವ ಊರಿನ ಪೇಟೆ ಬೀದಿಯ ಅಂಗಡಿ, ಹೆಸರು ಹೇಳುವುದಿಲ್ಲ. ಕೌಂಟರ್‌ನಲ್ಲಿ ಇಪ್ಪತ್ತೈದರ ಹುಡುಗ. ಬಿಡಿಸಿ ಹೇಳಿದೆ. ದಿನಕ್ಕೆ ಹನ್ನೆರಡು ಸಿಗರೇಟ್, ಬಿಡಬೇಕು, ವೇಪ್ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಈ ಮೂರು ಮಾತು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಅವನು ತೆಗೆದು ಕೊಟ್ಟದ್ದು ಎರಡು ಬ್ಯಾಟರಿ (18650 ಅನ್ನುವ ಅಳತೆಯವು) ಹಾಕುವ ದಪ್ಪ ಡಬ್ಬಿ, ಮೇಲೊಂದು ಲಿಕ್ವಿಡ್ ತುಂಬುವ ದೊಡ್ಡ ಟ್ಯಾಂಕ್. ಒಳಗೆ 0.15 ಓಮ್ ಕಾಯಿಲ್. "ಇದೇ ಬೆಸ್ಟ್ ಮೇಟ್, ಎಲ್ಲರೂ ಕೊನೆಗೆ ಇದಕ್ಕೇ ಬರ್ತಾರೆ, ಮೊದಲೇ ತಗೊಂಡುಬಿಡಿ" ಅಂದ. 60 ಪೌಂಡ್. ಲಿಕ್ವಿಡ್ ಕೇಳಿದೆ. "ಹನ್ನೆರಡು ಸೇದ್ತೀರಾ? ಹಾಗಾದ್ರೆ 20 ಬೇಕು" ಅಂತ 10 ಮಿಲಿಯ ಎರಡು ಬಾಟಲಿ ನಿಕ್ ಸಾಲ್ಟ್ (ಲವಣ ರೂಪದ ನಿಕೋಟಿನ್ ಇರುವ ಲಿಕ್ವಿಡ್) ಇಟ್ಟ. 7 ಪೌಂಡ್. ಅವನೇ ಟ್ಯಾಂಕ್ ತುಂಬಿಸಿ, ಸ್ಕ್ರೀನ್‌ನಲ್ಲಿ 70 ವ್ಯಾಟ್ ಇಟ್ಟು ಕೈಗೆ ಕೊಟ್ಟ. ಅವನೇ ಇಟ್ಟದ್ದು. ನಾನು ಗುಂಡಿ ಮುಟ್ಟಿಯೂ ಇರಲಿಲ್ಲ.

ಗೊತ್ತಿರುವವರು ಇಷ್ಟು ಓದಿಯೇ ತಲೆ ಚಚ್ಚಿಕೊಂಡಿರುತ್ತೀರಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. 20 ಎಂಜಿ ಅಂದರೆ ಇಲ್ಲಿನ ಕಾನೂನು ಒಪ್ಪುವ ಅತಿ ಹೆಚ್ಚಿನ ನಿಕೋಟಿನ್. ಒಂದು ಮಿಲಿಗೆ ಅದಕ್ಕಿಂತ ಜಾಸ್ತಿ ಮಾರುವ ಹಾಗಿಲ್ಲ. ಅದು ಪಾಡ್ ಅನ್ನುವ ಚಿಕ್ಕ ವೇಪ್‌ಗೆ ಮಾಡಿದ್ದು. 1 ಓಮ್ ಆಸುಪಾಸಿನ ಕಾಯಿಲ್, 10–15 ವ್ಯಾಟ್, ಸಿಗರೇಟ್ ಥರ ಬಾಯಿಗೆ ಎಳೆದು ಆಮೇಲೆ ಒಳಗೆ ತೆಗೆದುಕೊಳ್ಳುವುದು. 0.15 ಓಮ್ ಕಾಯಿಲ್ ಹಾಗಲ್ಲ. ಅದು ಹುಕ್ಕಾ ಎಳೆದ ಹಾಗೆ ನೇರ ಎದೆಗೆ ಎಳೆಯುವಂಥದ್ದು. ಒಂದು ದಮ್‌ಗೆ ಮನೆ ತುಂಬ ಹೊಗೆ. ಅಷ್ಟು ಲಿಕ್ವಿಡ್ ಒಂದೇ ಉಸಿರಿಗೆ ಒಳಗೆ ಹೋಗುತ್ತೆ. ಅದಕ್ಕೇ ಆ ಕಾಯಿಲ್‌ಗೆ 3 ಎಂಜಿ ಹಾಕುತ್ತಾರೆ, ಹೆಚ್ಚೆಂದರೆ 6. ನನಗೆ ಕೊಟ್ಟದ್ದು 20.

ಮನೆಗೆ ಬಂದು ಹಿತ್ತಲಲ್ಲಿ ನಿಂತು ಎಳೆದೆ. ಎರಡು ದಮ್. ಕೆಮ್ಮು ಹತ್ತಿತು, ನಿಲ್ಲಲೇ ಇಲ್ಲ. ಹೊಸಬ ಅಲ್ವಾ, ಹೀಗೇ ಇರಬೇಕು ಅಂತ ಮೂರನೆಯದು ಎಳೆದೆ. ತಲೆ ತಿರುಗಿತು. ಮೈಯೆಲ್ಲ ತಣ್ಣಗೆ ಬೆವರು, ಎದೆ ಡಬಡಬ. ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕೂತುಬಿಟ್ಟೆ. "ರೀ, ಏನಾಯ್ತು? ಮುಖ ಬಿಳಿಚಿಕೊಂಡಿದೆಯಲ್ಲ" ಅಂತ ಹೆಂಡತಿ ಓಡಿ ಬಂದಳು. ಉತ್ತರ ಕೊಡುವಷ್ಟರಲ್ಲಿ ಗಿಡದ ಬುಡದಲ್ಲಿ ವಾಂತಿ. ಮಗಳು ಕಿಟಕಿಯಿಂದ ನೋಡುತ್ತಿದ್ದಳು. ಆರು ವರ್ಷದ ಮಗು. ಅಪ್ಪ ಸಿಗರೇಟ್ ಬಿಡ್ತಾರೆ ಅಂತ ಬೆಳಿಗ್ಗೆ ತಾನೇ ಅವಳಿಗೆ ಹೇಳಿದ್ದೆ.

ಮಂಗಳವಾರ ಸಂಜೆ ಅಂಗಡಿಗೆ ಹೋದೆ. ಅದೇ ಹುಡುಗ. ಹೀಗೀಗಾಯ್ತು ಅಂದೆ. "ಅಭ್ಯಾಸ ಆಗುತ್ತೆ ಮೇಟ್. ಎಲ್ಲರಿಗೂ ಮೊದಲು ಹಾಗೇ. ವ್ಯಾಟ್ ಕಮ್ಮಿ ಮಾಡಿ, 30ಕ್ಕೆ ಇಡಿ" ಅಂದ. ಲಿಕ್ವಿಡ್ ಯಾವುದು ಅಂತ ಕೇಳಲಿಲ್ಲ. ಬಾಟಲಿ ನೋಡಲಿಲ್ಲ. ತಾನೇ ಮಾರಿದ್ದು, ನೆನಪೂ ಇರಲಿಲ್ಲ.

30ಕ್ಕೆ ಇಟ್ಟೆ. ಆ ಕಾಯಿಲ್ ಕೇಳುವುದು 60ರಿಂದ 80 ವ್ಯಾಟ್, ಮೈಮೇಲೇ ಬರೆದಿದೆ. 30 ಕೊಟ್ಟರೆ ಬಿಸಿ ಸಾಲುವುದಿಲ್ಲ. ಲಿಕ್ವಿಡ್ ಆವಿಯಾಗದೆ ಕಾಯಿಲ್ ಒಳಗೇ ನಿಲ್ಲುತ್ತೆ. ಸಾಲ್ಟ್ ಲಿಕ್ವಿಡ್ ಬೇರೆ ನೀರು ನೀರು, ತೆಳುವಾದ ಪಿಜಿ (ಪ್ರೊಪಿಲೀನ್ ಗ್ಲೈಕಾಲ್), ಮಂದವಾದ ವಿಜಿ (ವೆಜಿಟಬಲ್ ಗ್ಲಿಸರಿನ್) ಅರ್ಧರ್ಧ. ಅಷ್ಟು ದೊಡ್ಡ ರಂಧ್ರದ ಕಾಯಿಲ್‌ನಲ್ಲಿ ಅದು ನಿಲ್ಲುವುದೇ ಇಲ್ಲ. ಗುಳುಗುಳು ಸದ್ದು. ಬಾಯಿಗೆ ಬಿಸಿ ಹನಿ ಚಿಮ್ಮಿ ನಾಲಿಗೆ ತುದಿಯಲ್ಲಿ ಗುಳ್ಳೆ ಎದ್ದಿತು. ಗುರುವಾರ ಆಫೀಸಿನಲ್ಲಿ ಜೇಬಿನೊಳಗೆ ಸೋರಿ ಪ್ಯಾಂಟು ಒದ್ದೆ, ಸುತ್ತ ಮಾವಿನಹಣ್ಣಿನ ವಾಸನೆ. ಮೀಟಿಂಗ್‌ನಿಂದ ಎದ್ದು ಹೋಗಬೇಕಾಯಿತು.

ಆದರೂ ಸಿಗರೇಟ್ ಮುಟ್ಟಲಿಲ್ಲ. ಹಲ್ಲು ಕಚ್ಚಿಕೊಂಡಿದ್ದೆ.

ಮುಂದಿನ ಶನಿವಾರ ಮೂರನೇ ಸಲ. ಈಗ ಅವನಿಗೆ ಹೊಸ ಪರಿಹಾರ ಹೊಳೆಯಿತು. "ನಿಮಗೆ ಈ ಟ್ಯಾಂಕ್ ಜಾಸ್ತಿ ಆಯ್ತು, ಚಿಕ್ಕದು ಹಾಕಿ." ಅದೇ ಡಬ್ಬಿಗೆ ಕೂರುವ ಸಣ್ಣ ಟ್ಯಾಂಕ್, 18 ಪೌಂಡ್. 1.2 ಓಮ್ ಕಾಯಿಲ್ ಐದರ ಪ್ಯಾಕ್, 11 ಪೌಂಡ್. "20 ನಿಮಗೆ ಸ್ಟ್ರಾಂಗ್ ಆಯ್ತಲ್ವಾ" ಅಂತ ಶಾರ್ಟ್‌ಫಿಲ್ (ನಿಕೋಟಿನ್ ಇಲ್ಲದ ಲಿಕ್ವಿಡ್) ಬಾಟಲಿ, ಜೊತೆಗೆ ಅದಕ್ಕೆ ಬೆರೆಸುವ ನಿಕೋಟಿನ್‌ನ ಪುಟ್ಟ ಬಾಟಲಿ, ಅಂದರೆ ಒಂದು ನಿಕ್ ಶಾಟ್, 13 ಪೌಂಡ್. 50 ಮಿಲಿಗೆ 18 ಎಂಜಿಯ 10 ಮಿಲಿ ಸುರಿದು ಕುಲುಕಿದರೆ 3 ಎಂಜಿ ಆಗುತ್ತೆ. ಅದರಲ್ಲಿ ವಿಜಿ 70 ಭಾಗ, ಜೇನುತುಪ್ಪದ ಹಾಗೆ ಮಂದ. "ತುಂಬಿಸಿ, ಎಳೆಯಿರಿ, ಅಷ್ಟೇ" ಅಂದ. ವ್ಯಾಟ್ ಬಗ್ಗೆ ಒಂದು ಮಾತಿಲ್ಲ. ಹತ್ತಿ ನೆನೆಯಲು ಬಿಡಿ ಅಂತಲೂ ಇಲ್ಲ.

ಈಗ ನನಗೆ ಅರ್ಥವಾಗಿದೆ. ದೊಡ್ಡ ಕಾಯಿಲ್‌ಗೆ ಚಿಕ್ಕ ಕಾಯಿಲ್‌ನ ಲಿಕ್ವಿಡ್ ಕೊಟ್ಟಿದ್ದ. ಚಿಕ್ಕ ಕಾಯಿಲ್‌ಗೆ ದೊಡ್ಡ ಕಾಯಿಲ್‌ನ ಲಿಕ್ವಿಡ್ ಕೊಟ್ಟ. ಎರಡು ಸಲವೂ ಉಲ್ಟಾ. ಎರಡು ಸಲವೂ!

ಭಾನುವಾರ ಬೆಳಿಗ್ಗೆ ಹೊಸ ಟ್ಯಾಂಕ್ ತಿರುಗಿಸಿ ಕೂರಿಸಿದೆ. ಸ್ಕ್ರೀನ್‌ನಲ್ಲಿ ಇದು ಹೊಸ ಕಾಯಿಲ್ ಹೌದಾ ಅಂತ ಕೇಳಿತು. ಹೌದು ಒತ್ತಿದೆ. ಅಷ್ಟಕ್ಕೇ ಡಬ್ಬಿ ತಾನೇ ಎಲ್ಲ ಸರಿ ಮಾಡಿಕೊಳ್ಳುತ್ತೆ ಅಂದುಕೊಂಡಿದ್ದೆ. ವ್ಯಾಟ್ 30ರಲ್ಲೇ ಇತ್ತು. ಮೊದಲ ದಮ್‌ಗೇ ಗಂಟಲಿಗೆ ಬೆಂಕಿ ಇಟ್ಟ ಹಾಗಾಯಿತು. ಸುಟ್ಟ ಹತ್ತಿಯ ರುಚಿ ನಾಲಿಗೆಯಿಂದ ಸಂಜೆವರೆಗೂ ಹೋಗಲಿಲ್ಲ. ಕಾಯಿಲ್ ಕೆಟ್ಟಿರಬೇಕು ಅಂತ ಇನ್ನೊಂದು ಹಾಕಿದೆ. ಅದೂ ಸುಟ್ಟಿತು. ಸೋಮವಾರದ ಹೊತ್ತಿಗೆ ನಾಲ್ಕು ಕಾಯಿಲ್ ಹೋಗಿದ್ದವು. ನಾಲ್ಕನ್ನೂ ಟಿಶ್ಯೂನಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದೆ.

ಆ ದಿನದ ಮಾತು ಒಂದೂ ಮರೆತಿಲ್ಲ.

"ಕಾಯಿಲ್ ಬಳಸಿ ಬಿಸಾಡೋ ವಸ್ತು ಮೇಟ್. ಗ್ಯಾರಂಟಿ ಇಲ್ಲ."

ನಾಲ್ಕು ಕಾಯಿಲ್ ಒಂದೂವರೆ ದಿನದಲ್ಲಾ ಅಂದೆ. ಒಂದು ಕಾಯಿಲ್ ಒಂದೆರಡು ವಾರ ಬರಬೇಕು ಅಂತ ಅಷ್ಟೊತ್ತಿಗೆ ತಿಳಿದುಕೊಂಡಿದ್ದೆ.

"ನೀವು ಬಿಡುವೇ ಕೊಡದೆ ಎಳೆದಿದ್ದೀರಿ. ಎಷ್ಟು ವ್ಯಾಟ್‌ಗೆ ಇಟ್ಟಿದ್ರಿ?"

"30. ನೀನೇ ಹೇಳಿದ್ದು."

"ಅದು ಆ ಕಾಯಿಲ್‌ಗೆ."

"ಇದಕ್ಕೆ ಎಷ್ಟು ಅಂತ ಯಾಕೆ ಹೇಳಲಿಲ್ಲ?"

ಅವನು ಟಿಶ್ಯೂನಿಂದ ಒಂದು ಕಾಯಿಲ್ ಎತ್ತಿಕೊಂಡ. ಕಿರುಬೆರಳಿನ ತುದಿಯಷ್ಟಿದೆ ಅದು. ಪಕ್ಕದ ತೂತುಗಳಲ್ಲಿ ಹತ್ತಿ ಕಾಡಿಗೆ ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ನಿಧಾನವಾಗಿ ತಿರುಗಿಸಿ, ಒಂದು ಕಡೆ ಉಗುರು ಇಟ್ಟು ನನ್ನ ಕಣ್ಣ ಮುಂದೆ ಹಿಡಿದ. ಸಾಸಿವೆಗಿಂತ ಸಣ್ಣ ಅಕ್ಷರ. 1.2, ಅದರ ಕೆಳಗೆ 10–12.

"ಇಲ್ಲೇ ಬರೆದಿರುತ್ತಲ್ಲ ಮೇಟ್. ಎಲ್ಲರಿಗೂ ಗೊತ್ತಿರುತ್ತೆ."

ಹಿಂದೆ ನಿಂತಿದ್ದ ಇಬ್ಬರು ನಕ್ಕರು. ನನ್ನ ಕಿವಿ ಬಿಸಿಯಾಯಿತು. ನಾನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವನು. ವೋಲ್ಟೇಜಿನ ವರ್ಗವನ್ನು ಓಮ್‌ನಿಂದ ಭಾಗಿಸಿದರೆ ವ್ಯಾಟ್, ಇದು ನನಗೆ ನಿದ್ದೆಯಲ್ಲೂ ಬರುತ್ತೆ. ತುಂಬಿದ ಬ್ಯಾಟರಿಯ 4.2 ವೋಲ್ಟ್ ನೇರ ಕೊಟ್ಟರೆ 0.15 ಓಮ್‌ಗೆ ಸುಮಾರು 118 ವ್ಯಾಟ್ ಆಗುತ್ತೆ, ಅದೇ 1.2 ಓಮ್‌ಗೆ 15 ಕೂಡ ಆಗುವುದಿಲ್ಲ. ಎರಡೂ ಎಷ್ಟು ಬೇರೆ ಬೇರೆ ವಸ್ತು ಅಂತ ಮೊದಲ ದಿನವೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅವನು ಗೊತ್ತಿರುವವನು, ನಾನು ಕೊಳ್ಳುವವನು ಅಂತ ಸುಮ್ನೆ ಕೈ ಚಾಚಿ ತೆಗೆದುಕೊಂಡೆ. ಆ ನಗು ಈಗಲೂ ಕಿವಿಯಲ್ಲಿದೆ.

ದುಡ್ಡು ವಾಪಸ್ ಕೇಳಿದೆ. "ಬಾಯಿಗೆ ಇಟ್ಟದ್ದು ವಾಪಸ್ ತಗೊಳ್ಳಲ್ಲ, ಹೈಜೀನ್" ಅಂದ. ಮ್ಯಾನೇಜರ್ ಎಲ್ಲಿ ಅಂದೆ. "ನಾನೇ."

ಆ ರಾತ್ರಿಯೇ ಪ್ಯಾಕ್ ತಂದದ್ದು.

ಸರಿಹೋದದ್ದು ಹೇಗೆ ಅಂತಲೂ ಹೇಳುತ್ತೇನೆ. ಆಫೀಸಿನ ಒಬ್ಬರು ಸಿಗರೇಟ್ ಬಿಡಲು ನೆರವಾಗುವ ಇಲ್ಲಿನ ಸ್ಟಾಪ್ ಸ್ಮೋಕಿಂಗ್ ಸೇವೆಗೆ ಫೋನ್ ಮಾಡಿ ಅಂದರು. ಉಚಿತ. ಸಿಗರೇಟ್ ಬಿಡುವವರಿಗೆ ವೇಪ್ ಕಿಟ್ ಕೊಡುವ ಯೋಜನೆಯನ್ನು ಇಂಗ್ಲೆಂಡ್ ಸರ್ಕಾರ 2023ರಲ್ಲೇ ಘೋಷಿಸಿತ್ತು, ನನಗೆ ಗೊತ್ತೇ ಇರಲಿಲ್ಲ. ಅಲ್ಲಿನ ಹೆಂಗಸು ನನ್ನ ಡಬ್ಬಿ ನೋಡಿ ನಗಲಿಲ್ಲ. ಉಳಿದಿದ್ದ ಐದನೇ ಕಾಯಿಲ್ ಕೂಡ 11 ವ್ಯಾಟ್‌ನಲ್ಲಿಯೇ ಒಣಗಿ ಸುಟ್ಟ ವಾಸನೆ ಬರುತ್ತಿದೆ ಅಂದಾಗ, "ಈ ಮಂದ ಲಿಕ್ವಿಡ್ ಆ ಚಿಕ್ಕ ತೂತಿನೊಳಗೆ ಇಳಿಯೋದೇ ಇಲ್ಲ, ನಿಮ್ಮ ತಪ್ಪಲ್ಲ" ಅಂದರು. ನಿಮ್ಮ ತಪ್ಪಲ್ಲ. ಅಷ್ಟು ದಿನದಲ್ಲಿ ಆ ಮಾತು ಹೇಳಿದ್ದು ಅವರೊಬ್ಬರೇ. ಚಿಕ್ಕ ಪಾಡ್ ಕೊಟ್ಟರು, 1 ಓಮ್ ಕಾಯಿಲ್, ವ್ಯಾಟ್ ಬದಲಿಸುವ ಗುಂಡಿಯೇ ಇಲ್ಲ. ಅರ್ಧರ್ಧ ಲಿಕ್ವಿಡ್, 20 ಎಂಜಿ. ಹೌದು, ಅದೇ 20. ಈ ಕಾಯಿಲ್‌ನಲ್ಲಿ ಅದು ಗಂಟಲಿಗೆ ಹಿತವಾಗಿದೆ, ತಲೆ ತಿರುಗುವುದಿಲ್ಲ. ಅವರು ಹೇಳಿದ ಇನ್ನೊಂದು ಮಾತು, ಆ ಚಿಕ್ಕ ಟ್ಯಾಂಕ್ ಸುಡದೆ ಇದ್ದರೂ 3 ಎಂಜಿ ನನಗೆ ಸಾಲುತ್ತಿರಲಿಲ್ಲ, ಸಿಗರೇಟ್ ಕಡೆಗೇ ಓಡುತ್ತಿದ್ದೆ.

ಹಾಗಾಗಿ ಹೊಸಬರೇ, ಕಾಯಿಲ್, ವ್ಯಾಟ್, ಲಿಕ್ವಿಡ್ ಮೂರೂ ಒಂದೇ ಜೋಡಿ. ಒಂದನ್ನು ಬದಲಿಸಿದರೆ ಉಳಿದೆರಡನ್ನೂ ನೋಡಿ. ಕಾಯಿಲ್ ಮೇಲಿನ ನಂಬರನ್ನು ಅಂಗಡಿಯಲ್ಲೇ ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಅಲ್ಲಿ ಬರೆದದ್ದರಲ್ಲಿ ಅತಿ ಕಡಿಮೆ ವ್ಯಾಟ್‌ನಿಂದ ಶುರು ಮಾಡಿ. ಹೊಸ ಕಾಯಿಲ್‌ನ ಹತ್ತಿಗೆ ಎರಡು ಹನಿ ಬಿಟ್ಟು, ಟ್ಯಾಂಕ್ ತುಂಬಿಸಿ, ಹತ್ತು ನಿಮಿಷ ಸುಮ್ನೆ ಇಡಿ. ಸುಟ್ಟ ರುಚಿ ಬಂದರೆ ಅಲ್ಲೇ ನಿಲ್ಲಿಸಿ, ಇನ್ನೊಂದು ದಮ್ ಎಳೆದು ನೋಡುವುದು ಬೇಡ. ಸಿಗರೇಟ್ ಬಿಡುವುದಕ್ಕೆ ಎರಡು ಬ್ಯಾಟರಿಯ ಡಬ್ಬಿ ಯಾರಾದರೂ ಕೈಗಿಟ್ಟರೆ ಅಂಗಡಿಯಿಂದ ಹೊರಗೆ ಬನ್ನಿ. ಮತ್ತೆ, ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಯಾವ ವೇಪೂ ಬೇಡ. ತರುವುದೂ ಅಲ್ಲಿ ನಿಷೇಧ.

ದುಡ್ಡಿನ ಕಥೆ ಇನ್ನೂ ಮುಗಿದಿಲ್ಲ. ನನಗೆ ಏನು ಬೇಕು ಅಂತ ಹೇಳಿ ಕೊಂಡ ವಸ್ತು ಅದಕ್ಕೆ ಹೊಂದದಿದ್ದರೆ 30 ದಿನದೊಳಗೆ ತಿರಸ್ಕರಿಸುವ ಹಕ್ಕು ಇಲ್ಲಿನ 2015ರ ಗ್ರಾಹಕ ಕಾಯ್ದೆಯಲ್ಲಿದೆ. ಹನ್ನೆರಡು ಸಿಗರೇಟ್, ಬಿಡಬೇಕು, ಏನೂ ಗೊತ್ತಿಲ್ಲ. ನಾನು ಹೇಳಿದ ಆ ಮೂರು ಮಾತನ್ನೇ ಬರೆದು, ಕಾಯ್ದೆಯ ಹೆಸರು ಹಾಕಿ, ಹದಿನೆಂಟನೇ ದಿನ ಅಂಗಡಿಗೆ ಇಮೇಲ್ ಕಳಿಸಿದೆ. ಒಂದೇ ಸಾಲಿನ ಉತ್ತರ ಬಂತು: ತೆರೆದ ವೇಪ್ ವಸ್ತುಗಳಿಗೆ ಹಣ ವಾಪಸ್ ಇಲ್ಲ, ದಿನ ಶುಭವಾಗಿರಲಿ. ಎರಡನೇ ಇಮೇಲ್‌ಗೆ ಉತ್ತರವೇ ಇಲ್ಲ. ಗ್ರಾಹಕರಿಗೆ ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್‌ಗೆ ಫೋನ್ ಮಾಡಿ ದೂರು ಹೇಳಿದ್ದೇನೆ, ಅಂಗಡಿಗಳ ಮೇಲೆ ಕಣ್ಣಿಡುವ ಸರ್ಕಾರಿ ವಿಭಾಗ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೆ ತಲುಪಿಸುತ್ತೇವೆ ಅಂದಿದ್ದಾರೆ. ಐದು ಕಾಯಿಲ್, ಎರಡು ಬಿಲ್, ಅರ್ಧ ಖಾಲಿಯಾದ ಸಾಲ್ಟ್ ಬಾಟಲಿ, ಎಲ್ಲ ಒಂದು ಡಬ್ಬಿಯಲ್ಲಿ ಹಾಕಿ, ಮಗಳ ಕೈಗೆ ಸಿಗದ ಹಾಗೆ ಅಟ್ಟದ ಮೇಲೆ ಇಟ್ಟಿದ್ದೇನೆ. ಯಾರಾದರೂ ನೋಡಲು ಕೇಳಿದರೆ ತೋರಿಸಬೇಕಲ್ಲ.