ಶ್ರೀಪಾದಕ್ಕೆ ಎರಡು ದಾರಿ: ಹ್ಯಾಟನ್ ಕಡೆಯಿಂದ ಒಮ್ಮೆ, ರತ್ನಪುರದ ಕಡೆಯಿಂದ ಒಮ್ಮೆ

ತುದಿಯ ಕಲ್ಲಿನ ಮೇಲಿರುವ ಪಾದದ ಗುರುತಿಗಾಗಿ ಯಾತ್ರಿಕರು ಹತ್ತುವ ಶ್ರೀಲಂಕೆಯ ಶ್ರೀಪಾದ ಶಿಖರವನ್ನು ನಾನು ಎರಡು ಬಾರಿ ಏರಿದ್ದೇನೆ. ಮೊದಲ ಸಲ 2023ರ ಫೆಬ್ರುವರಿ ಆರಂಭದಲ್ಲಿ, ಹ್ಯಾಟನ್ ಕಡೆಯ ನಲ್ಲತಣ್ಣಿಯಿಂದ. ಎರಡನೆಯ ಸಲ 2024ರ ಫೆಬ್ರುವರಿ ಕೊನೆಯಲ್ಲಿ, ರತ್ನಪುರ ಕಡೆಯ ಪಲಾಬದ್ದಲದಿಂದ. ಎರಡು ಸಲವೂ ಜೊತೆಗಿದ್ದವರು ನನ್ನ ಅಕ್ಕನ ಗಂಡ, ಅಂದರೆ ಭಾವ. ಎರಡು ಸಲವೂ ಯಾವ ಪ್ರವಾಸ ಸಂಸ್ಥೆಯ ಗೊಡವೆಗೂ ಹೋಗದೆ, ಕಚೇರಿಗೆ ಕೆಲವು ದಿನ ರಜೆ ಹಾಕಿ, ಶನಿವಾರ ಭಾನುವಾರಗಳನ್ನು ಅದಕ್ಕೆ ಜೋಡಿಸಿಕೊಂಡು ನಾವೇ ಹೊಂದಿಸಿಕೊಂಡ ಪ್ರಯಾಣಗಳವು. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ ಸಾಕಾಗುವುದರಿಂದ, ಕುಮಾರಪರ್ವತವನ್ನು ಎರಡು ಮೂರು ಸಲ ಹತ್ತಿಳಿದು ಮುಂದೇನು ಎಂದು ಯೋಚಿಸುವವರಿಗೆ ಇದು ಕೈಗೆಟುಕುವ ಶಿಖರವೇ ಹೌದು. ಆದರೆ ಯಾವ ದಾರಿಯಿಂದ ಹತ್ತಬೇಕು ಎಂಬ ಪ್ರಶ್ನೆಗೆ ಹೆಚ್ಚಿನವರು ಯೋಚಿಸದೆ ಹ್ಯಾಟನ್ ಎಂದುಬಿಡುತ್ತಾರೆ. ನಾವೂ ಮೊದಲು ಹಾಗೆಯೇ ಮಾಡಿದೆವು.

ಈ ಬೆಟ್ಟಕ್ಕೆ ಒಳ್ಳೆಯ ದಾರಿ ಯಾವುದೆಂಬ ಚರ್ಚೆ ಹೊಸದಲ್ಲ. 1344ರಲ್ಲಿ ಇಲ್ಲಿಗೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಎರಡು ದಾರಿಗಳನ್ನು ವಿವರಿಸಿದ್ದಾನೆ: ಒಂದು ಬಾಬಾ ದಾರಿ, ಇನ್ನೊಂದು ಮಾಮಾ ದಾರಿ. ಇಲ್ಲಿ ಮಾಮಾ ಎಂದರೆ ನಮ್ಮ ಸೋದರಮಾವನಲ್ಲ. ಬಾಬಾ ಎಂದರೆ ಮೊದಲ ಮನುಷ್ಯ ಆದಮ, ಮಾಮಾ ಎಂದರೆ ಅವನ ಹೆಂಡತಿ ಹವ್ವ. ಮಾಮಾ ದಾರಿ ಸುಲಭವಾದದ್ದು, ಯಾತ್ರಿಕರು ಅದರಲ್ಲಿ ಇಳಿದು ಬರುತ್ತಾರೆ, ಆದರೆ ಅದರಲ್ಲೇ ಹತ್ತಿದವನು ಯಾತ್ರೆ ಮಾಡಿದನೆಂದು ಯಾರೂ ಒಪ್ಪುವುದಿಲ್ಲ ಎಂದು ಅವನು ಬರೆದಿದ್ದಾನೆ. ಅವನ ದಾರಿಗಳು ಇಂದಿನ ದಾರಿಗಳೇ ಎಂದು ನಾನು ವಾದಿಸುವುದಿಲ್ಲ. ಆದರೆ ಎರಡನ್ನೂ ನಡೆದು ಬಂದ ಮೇಲೆ ಆ ಮಾತು ನನಗೆ ಹಲವು ಸಲ ನೆನಪಾಗಿದೆ.

ಲೆಕ್ಕದಲ್ಲಿ ನೋಡಿದರೆ ವ್ಯತ್ಯಾಸ ಸರಳವಾಗಿದೆ. ಶಿಖರದ ಎತ್ತರ 2,243 ಮೀಟರ್. ನಲ್ಲತಣ್ಣಿ ಚಹಾ ತೋಟಗಳ ನಡುವೆ ಸುಮಾರು 1,200 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿಂದ ಏರಬೇಕಾದದ್ದು ಸಾವಿರ ಮೀಟರ್ ಮಾತ್ರ. ದಾರಿಯ ಉದ್ದ ಏಳು ಕಿಲೋಮೀಟರಿನಷ್ಟು, ಮೆಟ್ಟಿಲುಗಳು 5,500ರ ಆಸುಪಾಸು. ಪಲಾಬದ್ದಲವಾದರೋ 500 ಮೀಟರ್ ಎತ್ತರಕ್ಕಿಂತಲೂ ಕೆಳಗಿದೆ. ದಾರಿಯೂ ಹತ್ತು ಕಿಲೋಮೀಟರಿಗೆ ಮಿಕ್ಕಿದ್ದು, ರಬ್ಬರ್ ತೋಟದ ಸೆಕೆಯಲ್ಲಿ ಶುರುವಾಗಿ ಮಳೆಕಾಡಿನ ಒಳಗೆ ನುಗ್ಗುತ್ತದೆ. ಒಂದೇ ಶಿಖರಕ್ಕೆ ಹೋಗುವ ದಾರಿಗಳಾದರೂ ಎರಡನೆಯದರಲ್ಲಿ ಕಾಲುಗಳಿಗಾಗುವ ಶ್ರಮ ಹೆಚ್ಚುಕಡಿಮೆ ದುಪ್ಪಟ್ಟು.

ತಲುಪುವ ವಿಷಯದಲ್ಲಿ ಹ್ಯಾಟನ್‌ನದೇ ಗೆಲುವು, ಆದರೆ ಜನ ಹೇಳುವಷ್ಟು ದೊಡ್ಡ ಗೆಲುವಲ್ಲ. ಕೊಲಂಬೊ ಫೋರ್ಟ್ ನಿಲ್ದಾಣದಿಂದ ಬದುಳ್ಳಕ್ಕೆ ಹೋಗುವ ರೈಲು ಹ್ಯಾಟನ್ ಮುಟ್ಟಲು ಸುಮಾರು ಐದು ಗಂಟೆ ಬೇಕು. ಅಲ್ಲಿಂದ ನಲ್ಲತಣ್ಣಿಗೆ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ತಿರುವಿನ ದಾರಿಯಿದ್ದು, ಯಾತ್ರೆಯ ಕಾಲದಲ್ಲಿ ನೇರ ಬಸ್ಸುಗಳಿರುತ್ತವೆ. ರೈಲಿನ ಕಾದಿರಿಸಿದ ಸೀಟುಗಳು ಬೇಗ ಮುಗಿದುಹೋಗುವುದರಿಂದ ನಾವು ಮೊದಲ ಸಲ ಒಬ್ಬ ಮಧ್ಯವರ್ತಿಗೆ ಎರಡು ಪಟ್ಟು ಹಣ ಕೊಟ್ಟು ಟಿಕೆಟ್ ಪಡೆದೆವು. ನಿಲ್ದಾಣಕ್ಕೆ ಹೋದಾಗ ಸೀಟಿನ ಸಂಖ್ಯೆಯಿಲ್ಲದ ಸಾದಾ ಟಿಕೆಟ್ ಕೈಗಿಟ್ಟು ಅವನು ಮಾಯವಾದ. ಮೂರು ಗಂಟೆ ಬಾಗಿಲ ಬಳಿ ನಿಂತು ಹೋದೆವು. ನೋಟ ಚೆನ್ನಾಗಿಯೇ ಇತ್ತು, ಮನಸ್ಸು ಮಾತ್ರ ಚೆನ್ನಾಗಿರಲಿಲ್ಲ. ರತ್ನಪುರಕ್ಕೆ ಇಂಥ ಯಾವ ಗೊಂದಲವೂ ಇಲ್ಲ. ಕೊಲಂಬೊದಿಂದ ನೂರು ಕಿಲೋಮೀಟರ್, ಮೂರು ಗಂಟೆಯ ಬಸ್ಸು, ಅಲ್ಲಿಂದ ಗಿಲಿಮಲೆಯ ಮೇಲೆ ಪಲಾಬದ್ದಲಕ್ಕೆ ಇನ್ನೊಂದು ಬಸ್ಸು ಇಲ್ಲವೇ ಆಟೊ. ಈ ಗಿಲಿಮಲೆ ಸಾಮಾನ್ಯ ಹಳ್ಳಿಯಲ್ಲ; ಹನ್ನೊಂದನೆಯ ಶತಮಾನದ ದೊರೆ ಒಂದನೆಯ ವಿಜಯಬಾಹು ಶ್ರೀಪಾದದ ಯಾತ್ರಿಕರ ಊಟದ ವ್ಯವಸ್ಥೆಗೆಂದು ಬಿಟ್ಟುಕೊಟ್ಟ ಊರು ಇದು.

ಇನ್ನು ಹತ್ತುವ ಮಾತು. ಹ್ಯಾಟನ್ ದಾರಿಯಲ್ಲಿ ನಾವು ಮಾಡಿದ ದೊಡ್ಡ ತಪ್ಪು ದಾರಿಯದಲ್ಲ, ದಿನದ್ದು. ಯಾತ್ರೆಯ ಕಾಲ ಡಿಸೆಂಬರಿನ ಹುಣ್ಣಿಮೆಯಿಂದ ಮೇ ತಿಂಗಳ ವೆಸಾಕ್ ಹುಣ್ಣಿಮೆಯವರೆಗೆ ಎಂದು ಓದಿಕೊಂಡಿದ್ದೆವು. ಆದರೆ ಆ ನಡುವಿನ ಪ್ರತಿ ಹುಣ್ಣಿಮೆಯೂ ಲಂಕೆಯಲ್ಲಿ ರಜಾದಿನ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 2023ರ ಫೆಬ್ರುವರಿ 5 ಭಾನುವಾರ ನವಂ ಹುಣ್ಣಿಮೆ. ಅದರ ಹಿಂದಿನ ದಿನ ಶನಿವಾರ ಅವರ ಸ್ವಾತಂತ್ರ್ಯ ದಿನ. ಇಡೀ ದೇಶವೇ ಬೆಟ್ಟಕ್ಕೆ ಬಂದಂತಿತ್ತು. ಶನಿವಾರ ರಾತ್ರಿ ಹನ್ನೊಂದಕ್ಕೆ ಹೊರಟವರು ಮೊದಲ ಎರಡು ಗಂಟೆ ಸಲೀಸಾಗಿ ನಡೆದೆವು: ಮಕರ ತೋರಣ, ಜಪಾನೀಯರ ನೆರವಿನಿಂದ ಕಟ್ಟಿದ ಬಿಳಿಯ ಶಾಂತಿ ಸ್ತೂಪ, ಮುಖ ತೊಳೆದರೆ ನಿದ್ದೆ ಹಾರಿಹೋಗುವ ಸೀತ ಗಂಗುಲ ಹೊಳೆ. ಕೆಳಗಿನಿಂದ ನೋಡಿದರೆ ಮೆಟ್ಟಿಲ ದಾರಿಯ ದೀಪಗಳು ಕತ್ತಲಲ್ಲಿ ನೇತುಹಾಕಿದ ಮಾಲೆಯ ಹಾಗೆ ಕಾಣುತ್ತಿದ್ದವು. ಆದರೆ ಕೊನೆಯ ಕಡಿದಾದ ಏರು ಮಹಗಿರಿದಂಬದಲ್ಲಿ ಸಾಲು ನಿಂತೇಹೋಯಿತು. ಕಬ್ಬಿಣದ ಕೈಪಿಡಿ ಹಿಡಿದು ಹತ್ತು ನಿಮಿಷಕ್ಕೆ ನಾಲ್ಕು ಮೆಟ್ಟಿಲು. ಬೆವರು ಆರಿ ಚಳಿ ಹಿಡಿಯಿತು. ನನ್ನ ಮುಂದಿದ್ದ ಅಜ್ಜಿ ಮೊಮ್ಮಗನ ಭುಜಕ್ಕೆ ತಲೆಯಾನಿಸಿ ನಿಂತಲ್ಲೇ ನಿದ್ದೆ ಮಾಡಿದರು. ಸೂರ್ಯೋದಯವಾದಾಗ ನಾವಿನ್ನೂ ಮೆಟ್ಟಿಲ ಮೇಲೆಯೇ ಇದ್ದೆವು. "ತಿರುಪತಿಯಲ್ಲೂ ಇಷ್ಟು ಕಾದಿಲ್ಲ ಕಣಯ್ಯ" ಎಂದು ಭಾವ ಗೊಣಗಿದ್ದು ಇನ್ನೂ ಕಿವಿಯಲ್ಲಿದೆ.

ಎರಡನೆಯ ಸಲ ಹುಣ್ಣಿಮೆ ಕಳೆದ ಮೇಲಿನ ವಾರದಲ್ಲಿ, ಬುಧವಾರ ಬೆಳಿಗ್ಗೆ ಹತ್ತಕ್ಕೆ ಪಲಾಬದ್ದಲದಿಂದ ಹೊರಟೆವು. ಇಲ್ಲಿ ಕತ್ತಲಲ್ಲಿ ಹತ್ತುವ ಅವಸರವಿಲ್ಲ. ಹಗಲು ಕಾಡು ದಾಟಿ, ಸಂಜೆಗೆ ಹೆರಮಿಟಿಪಾನದ ತಂಗುದಾಣ ಸೇರಿ, ನಸುಕಿಗೆ ಉಳಿದದ್ದನ್ನು ಏರುವುದು ಇಲ್ಲಿನ ಕ್ರಮ. ಒಂದು ತಾಸು ಕಳೆಯುವುದರಲ್ಲಿ ನಾವಿಬ್ಬರೇ ಉಳಿದೆವು. ಮೆಟ್ಟಿಲುಗಳಿವೆ, ಆದರೆ ಒಂದು ಮೊಣಕಾಲೆತ್ತರ, ಇನ್ನೊಂದು ಗೇಣುದ್ದ. ಕೆಲವೆಡೆ ಬಂಡೆಯನ್ನೇ ಕಡಿದು ಮಾಡಿದ್ದಾರೆ, ಅವುಗಳ ಅಂಚು ನೂರಾರು ವರ್ಷಗಳ ಪಾದಗಳಿಗೆ ಸವೆದು ದುಂಡಗಾಗಿದೆ. ಕಾಡು ನಮ್ಮ ಪಶ್ಚಿಮಘಟ್ಟದ ಕಾಡಿನ ತಮ್ಮನಂತಿದೆ. ಅದೇ ಬೈನೆ ಮರ, ಅದೇ ಹಾವಸೆ, ಹಿಂದಿನ ರಾತ್ರಿಯ ಮಳೆಯ ಪ್ರಸಾದವಾಗಿ ಅದೇ ಇಂಬಳ. ಮಧ್ಯಾಹ್ನದ ಹೊತ್ತಿಗೆ ಭಾವನ ಎಡಗಾಲಿನಿಂದ ಹದಿನಾಲ್ಕು ಇಂಬಳ ಕಿತ್ತೆವು, ನನ್ನ ಎರಡೂ ಕಾಲಿನಿಂದ ಆರು. ಮಲೆನಾಡಿನವರಾದ ಭಾವ ಹೊಗೆಸೊಪ್ಪು ಸುಣ್ಣ ತಂದಿರಲಿಲ್ಲವೆಂದು ತಮ್ಮನ್ನೇ ಬೈದುಕೊಂಡರು. ಕೆಳಗಿಳಿಯುತ್ತಿದ್ದ ಹುಡುಗನೊಬ್ಬ ತನ್ನ ಬಳಿಯಿದ್ದ ಸಿದ್ಧಾಲೇಪ ಮುಲಾಮನ್ನು ನಮ್ಮ ಕಾಲುಚೀಲದ ಸುತ್ತ ಸವರಿಕೊಟ್ಟ. ಆಮೇಲೆ ಕಾಟ ಕಡಿಮೆಯಾಯಿತು. ಹ್ಯಾಟನ್ ಕಡೆಯ ಕಾಂಕ್ರೀಟ್ ಮೆಟ್ಟಿಲಲ್ಲಿ ನಮಗೆ ಒಂದೂ ಇಂಬಳ ಸಿಕ್ಕಿರಲಿಲ್ಲ.

ಭಾಷೆಯ ವ್ಯತ್ಯಾಸವನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ, ಆದರೆ ನಮ್ಮಂಥವರಿಗೆ ಅದು ದೊಡ್ಡದು. ನಲ್ಲತಣ್ಣಿಯ ಹೆಸರೇ ತಮಿಳು. ಸುತ್ತಲಿನ ಚಹಾ ತೋಟಗಳಲ್ಲಿ ತಮಿಳರಿದ್ದಾರೆ. ಬೆಂಗಳೂರಿನಲ್ಲಿ ಕಲಿತ ಅರೆಬರೆ ತಮಿಳಿನಲ್ಲೇ ಕೋಣೆ, ಊಟ, ಬಸ್ಸು ಎಲ್ಲ ನಡೆಯಿತು; ಚಹಾದಂಗಡಿಯ ಹೆಂಗಸು ನನ್ನನ್ನು "ತಂಬಿ" ಎಂದೇ ಕರೆದು ಬಿಸಿ ಅಪ್ಪದ ಮೇಲೆ ಇನ್ನೊಂದು ಚಮಚ ತೆಂಗಿನಕಾಯಿ ಸಂಬಲ್ ಹಾಕಿದರು. ಪಲಾಬದ್ದಲದಲ್ಲಿ ಸಿಂಹಳ ಬಿಟ್ಟರೆ ಬೇರೆ ಕೇಳಲಿಲ್ಲ. ನಮಗೆ ಬರುತ್ತಿದ್ದ ಸಿಂಹಳ ಪದಗಳು ಮೂರು: ನೀರಿಗೆ ವತುರ, ಎದುರಾದ ಯಾತ್ರಿಕರಿಗೆ ಹೇಳುವ "ಕರುಣಾವಯಿ", ಮತ್ತು ಇನ್ನೆಷ್ಟು ದೂರ ಎಂದರೆ ಎಲ್ಲರೂ ಕೊಡುತ್ತಿದ್ದ ಉತ್ತರ, "ತವ ಟಿಕಯಿ", ಇನ್ನು ಸ್ವಲ್ಪವೇ. ನಮ್ಮೂರಿನ "ಇಲ್ಲೇ, ಒಂದು ಕೂಗಳತೆ" ಎಂಬುದಕ್ಕೆ ಇದು ಸಮ. ಎರಡು ಗಂಟೆ ನಡೆದ ಮೇಲೂ ಅದೇ ಉತ್ತರ ಬಂತು.

ತಂಗುವುದಕ್ಕೆ ಹ್ಯಾಟನ್ ಕಡೆ ಬಿಸಿನೀರಿನ ಕೋಣೆಗಳಿವೆ, ದಾರಿಯುದ್ದಕ್ಕೂ ಅಂಗಡಿಗಳಿವೆ. ಹೆರಮಿಟಿಪಾನದಲ್ಲಿ ನಮಗೆ ಸಿಕ್ಕಿದ್ದು ಸಿಮೆಂಟಿನ ನೆಲ, ಒಂದು ಚಾಪೆ ಮತ್ತು ಪಕ್ಕದಲ್ಲಿ ಮಲಗಿದ್ದ ಹಳ್ಳಿಯ ದೊಡ್ಡ ಕುಟುಂಬ. ಹಾಲಿಲ್ಲದ ಚಹಾವನ್ನು ಲೋಟಕ್ಕೆ ಸುರಿದು, ಬೈನೆ ಮರದ ಬೆಲ್ಲದ ತುಂಡೊಂದನ್ನು ಅಂಗೈಯಲ್ಲಿಟ್ಟು ಅವರು ಕೊಟ್ಟರು. ಬೆಲ್ಲ ಕಚ್ಚಬೇಕು, ಚಹಾ ಗುಟುಕರಿಸಬೇಕು. ಅದರ ಹೊಗೆವಾಸನೆ ಬೆರೆತ ಸಿಹಿ ಎದುರಿಗಿದ್ದರೆ ಹ್ಯಾಟನ್ ಕಡೆಯ ಯಾವ ತಿಂಡಿಯನ್ನೂ ನಾನು ಕೇಳುವುದಿಲ್ಲ. ನಿದ್ದೆಯ ಮಾತು ಬೇರೆ. ಬಿಸಿನೀರು, ಹಾಸಿಗೆ ಬೇಕೇ ಬೇಕೆನ್ನುವವರು ಇತ್ತ ಬರಬಾರದು.

ಶಿಖರದ ಮೇಲೆ ಎರಡೂ ದಾರಿ ಒಂದೇ. ಪಾದದ ಗುರುತು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೆ ಆದಮನದು. ಚಪ್ಪಲಿ ಬಿಟ್ಟು ಅಲ್ಲಿನ ಕಲ್ಲುನೆಲದ ಮೇಲೆ ನಿಲ್ಲುವುದು ನಸುಕಿನಲ್ಲಿ ಮಂಜುಗಡ್ಡೆಯ ಮೇಲೆ ನಿಂತಂತೆ. ದಪ್ಪ ಕಾಲುಚೀಲ ಮರೆಯಬಾರದು. ಮೊದಲ ಸಲ ಕಾಣದೆಹೋದ ಸೂರ್ಯೋದಯವನ್ನು ಈ ಸಲ ಪೂರ್ತಿ ಕಂಡೆವು. ಕೆಳಗೆ ಮಾವುಸ್ಸಾಕೆಲೆ ಜಲಾಶಯ ಮೊದಲು ಬೂದಿಯಾಗಿ, ಆಮೇಲೆ ತಾಮ್ರವಾಗಿ ಹೊಳೆಯಿತು. ಜನರೆಲ್ಲ ಪೂರ್ವಕ್ಕೆ ಮೊಬೈಲು ಹಿಡಿದು ನಿಂತಿದ್ದಾಗ, ರಾತ್ರಿಯ ಕುಟುಂಬದ ಹಿರಿಯರು ನಮ್ಮ ತೋಳು ಹಿಡಿದು ಪಶ್ಚಿಮದ ಕಟ್ಟೆಗೆ ಕರೆದೊಯ್ದರು. ಅಲ್ಲಿ ಬೆಟ್ಟದ ನೆರಳು ಅಳತೆಗೋಲಿಟ್ಟು ಗೆರೆಯೆಳೆದಂಥ ತ್ರಿಕೋನವಾಗಿ ಕಾಡು ಮೋಡಗಳ ಮೇಲೆ ಚಾಚಿಕೊಂಡಿತ್ತು. ಸೂರ್ಯ ಏರಿದಂತೆ ಅದು ನಮ್ಮ ಕಡೆಗೆ ಕುಗ್ಗುತ್ತ ಬಂದು, ಕಾಲು ಗಂಟೆಯಲ್ಲಿ ಕರಗಿತು. ಎಷ್ಟು ಸಲ ಬಂದಿದ್ದೇವೋ ಅಷ್ಟು ಸಲ ಗಂಟೆ ಬಾರಿಸುವ ಪದ್ಧತಿಯಂತೆ ಎರಡೆರಡು ಸಲ ಬಾರಿಸಿದೆವು. ಸೂರ್ಯೋದಯ ತಪ್ಪಿದ ಯಾತ್ರೆಯನ್ನೂ ಲೆಕ್ಕಕ್ಕೆ ಸೇರಿಸಬಹುದೇ ಎಂದು ಭಾವ ಒಂದು ಕ್ಷಣ ಅನುಮಾನಿಸಿದ್ದುಂಟು.

ಇಳಿಯುವಾಗ ನಾವು ಬಂದ ದಾರಿಗೆ ಮರಳದೆ ನಲ್ಲತಣ್ಣಿಗೆ ಇಳಿದೆವು. ನನ್ನ ಮಟ್ಟಿಗೆ ಸರಿಯಾದ ಹೊಂದಾಣಿಕೆ ಇದೇ: ರತ್ನಪುರದಿಂದ ಏರಿ, ಹ್ಯಾಟನ್ ಕಡೆಗೆ ಇಳಿಯುವುದು. ಬ್ಯಾಗು ಹೊತ್ತೇ ನಡೆಯಬೇಕಾಗುತ್ತದೆ, ಆದ್ದರಿಂದ ಆರು ಕಿಲೋ ಮೀರದಂತೆ ಕಟ್ಟಿಕೊಳ್ಳಬೇಕು. ಇದರ ತಿರುವುಮುರುವು ಮಾತ್ರ ಬೇಡ. ಎತ್ತರ ತಗ್ಗಿನ ಹಳೆಯ ಮೆಟ್ಟಿಲುಗಳಲ್ಲಿ ಸಾವಿರದ ಏಳುನೂರು ಮೀಟರಿಗೂ ಹೆಚ್ಚು ಇಳಿದರೆ ಮಂಡಿ ಉಳಿಯುವುದಿಲ್ಲ. ಮಕ್ಕಳನ್ನೋ ವಯಸ್ಸಾದವರನ್ನೋ ಕರೆದೊಯ್ಯುವವರು, ಒಂದೇ ರಾತ್ರಿ ಬಿಡುವಿರುವವರು ಹ್ಯಾಟನ್ ದಾರಿಯಲ್ಲೇ ಹೋಗಿಬರಲಿ, ಆದರೆ ವಾರದ ನಡುವಿನ ದಿನ, ಹುಣ್ಣಿಮೆಯಿಂದ ದೂರ. ಮೇ ಕಳೆದ ಮೇಲೆ ಮಳೆ, ಗಾಳಿ, ಆರಿದ ದೀಪ, ಮುಚ್ಚಿದ ಅಂಗಡಿ. ಆಗ ಎರಡು ದಾರಿಯನ್ನೂ ನಾನು ಯಾರಿಗೂ ಹೇಳಲಾರೆ.

ಬೆಳಿಗ್ಗೆ ಹತ್ತೂವರೆಗೆ ನಲ್ಲತಣ್ಣಿ ಮುಟ್ಟಿ ಹಿಂದಿನ ವರ್ಷದ ಅದೇ ಚಹಾದಂಗಡಿಗೆ ಹೋದೆವು. ಹೆಂಗಸಿಗೆ ನಮ್ಮ ಗುರುತು ಹತ್ತಲಿಲ್ಲ. ಯಾವ ಕಡೆಯಿಂದ ಬಂದಿರಿ ಎಂದು ತಮಿಳಿನಲ್ಲಿ ಕೇಳಿದರು. ಭಾವ ಉತ್ತರ ಹೇಳುವ ಬದಲು ಪ್ಯಾಂಟು ಮಡಚಿ ಎಡಗಾಲು ತೋರಿಸಿದರು. ಅವರು ಕಾಲು ನೋಡಿ, "ಪಲಾಬದ್ದಲವಾ" ಎಂದು ನಕ್ಕು, ಕೇಳದೆಯೇ ಎರಡು ಅಪ್ಪ ಹೆಚ್ಚಿಗೆ ಹಾಕಿದರು.