ಮೂರು ಹರಳು, ಮೂರು ದೇಶದ ದವಾಖಾನಿ

ಶಹಾಬಾದ್ ಕಲ್ಲಿನ ಹಾಸಿನ ಮೇಲೆ ಅಂಬೆಗಾಲಿಟ್ಟು ಬೆಳೆದವನಿಗೆ ಕಲ್ಲೇನು ಹೊಸದಲ್ಲ. ಆದರೆ ಅದು ಹೊಟ್ಟೆಯೊಳಗೇ ಹುಟ್ಟಿದರೆ ಬೇರೆ ಮಾತು. ಆರು ವರ್ಷದಲ್ಲಿ ನನಗೆ ಮೂರು ಸಲ ಕಿಡ್ನಿ ಹರಳು ಕಾಟ ಕೊಟ್ಟಿತು, ಮೂರು ಸಲವೂ ಬೇರೆ ಬೇರೆ ದೇಶದಲ್ಲಿ. 2018ರಲ್ಲಿ ಅಮೆರಿಕದ ಡಲ್ಲಾಸ್ ಹತ್ತಿರ, 2022ರಲ್ಲಿ ಇಂಗ್ಲೆಂಡಿನ ಒಂದು ಊರಲ್ಲಿ, 2024ರ ನವೆಂಬರಿನಲ್ಲಿ ಇಲ್ಲೇ ಕಲಬುರಗಿಯಲ್ಲಿ. ಕಂಪನಿ ಕಳಿಸಿದಲ್ಲಿಗೆ ನಾನು ಹೋದೆ, ಹರಳು ನನ್ನ ಬೆನ್ನು ಹತ್ತಿ ಬಂತು.

ಊರಿಗೆ ವಾಪಸ್ ಬಂದ ಮೇಲೆ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುವಾಗಲೂ ಒಂದೇ ಪ್ರಶ್ನೆ: "ಅಲ್ಲಿ ದವಾಖಾನಿ ಹೆಂಗ ಅವರಿ? ಲಂಡನ್ನದಾಗ ಎಲ್ಲಾ ಪುಕ್ಸಟ್ಟಿ ಅಂತಲ್ಲ? ಅಮೆರಿಕಾದಾಗ ಮನಿ ಮಾರಬೇಕಂತಲ್ಲ?" ಎರಡೂ ಪೂರ್ತಿ ಸುಳ್ಳಲ್ಲ, ಪೂರ್ತಿ ಖರೆಯೂ ಅಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಮೂರು ಹರಳೂ ಒಂದೇ ಅಳತೆಯವಲ್ಲ. ಮೊದಲನೆಯದು 4 ಮಿಲಿಮೀಟರ್, ಎರಡನೆಯದು 6, ಮೂರನೆಯದು 9. ಚಿಕ್ಕವು ನೀರು ಕುಡಿದರೆ ಬಹುತೇಕ ತಾವಾಗಿ ಬೀಳುತ್ತವೆ, 9 ಬೀಳುವುದು ಕಷ್ಟ. ಹಾಗಾಗಿ ಬಿಲ್ಲಿಗೆ ಬಿಲ್ಲು ಇಟ್ಟು ತೂಗಿದರೆ ತಕ್ಕಡಿ ತಪ್ಪುತ್ತದೆ.

ಅಮೆರಿಕದ್ದು ನೋಡಿ. ರಾತ್ರಿ ಎರಡಕ್ಕೆ ಸೊಂಟದಿಂದ ತೊಡೆಸಂದಿಗೆ ಬರ್ಚಿ ಹಾಕಿದಂಥ ನೋವು. ಆಂಬುಲೆನ್ಸ್ ಕರೆಯಲು ಫೋನ್ ಎತ್ತಿದರೆ ರೂಮ್‌ಮೇಟ್ ಕೈ ಹಿಡಿದ: "ಬೇಡ, ಅದರ ಬಿಲ್ಲೇ ಬೇರೆ ಬರ್ತದೆ, ನಾನೇ ಬಿಡ್ತೀನಿ." ತುರ್ತು ವಿಭಾಗದ ಬಾಗಿಲು ದಾಟಿ ಮುಕ್ಕಾಲು ತಾಸಿನಲ್ಲಿ ನರಕ್ಕೆ ಇಂಜೆಕ್ಷನ್, ಒಂದೂವರೆ ತಾಸಿನಲ್ಲಿ ಸಿಟಿ ಸ್ಕ್ಯಾನ್. ಅಷ್ಟು ಚುರುಕು ನಾನು ಬೇರೆಲ್ಲೂ ಕಂಡಿಲ್ಲ. ಅಲ್ಲಿ 1986ರಿಂದ ಒಂದು ಕಾನೂನಿದೆ: ತುರ್ತಾಗಿ ಬಂದವನನ್ನು ದುಡ್ಡಿದೆಯೋ ಇಲ್ಲವೋ ಎಂದು ನೋಡದೆ ಪರೀಕ್ಷಿಸಬೇಕು, ಜೀವಕ್ಕೆ ಅಪಾಯವಿಲ್ಲದ ಸ್ಥಿತಿಗೆ ತರಬೇಕು. ಆದರೆ ಆಮೇಲೆ ಬಿಲ್ ಕಳಿಸಬಾರದೆಂದು ಆ ಕಾನೂನು ಹೇಳಿಲ್ಲ.

ಬೆಳಗಿನ ಹೊತ್ತಿಗೆ ಮನೆಗೆ ಕಳಿಸಿದರು. ಕೈಯಲ್ಲಿ ಚಹಾ ಸೋಸುವ ಜರಡಿಯಂಥ ಒಂದು ಪ್ಲಾಸ್ಟಿಕ್ ಜಾಲರಿ, ಹರಳು ಬಿದ್ದರೆ ಹಿಡಿಯಲು. ನಾಲ್ಕನೇ ದಿನ ಬಿತ್ತು, ಎಳ್ಳಿನಷ್ಟು. ಬಿಲ್ ಮಾತ್ರ ಎರಡು ತಿಂಗಳಾದರೂ ಬೀಳುತ್ತಲೇ ಇತ್ತು. ಮೊದಲು ಇನ್ಶೂರೆನ್ಸ್‌ನವರ ಒಂದು ಕಾಗದ, ಮೇಲೆ ದಪ್ಪಕ್ಷರದಲ್ಲಿ "ಇದು ಬಿಲ್ ಅಲ್ಲ" ಎಂದು. ಬಿಲ್ ಅಲ್ಲದ ಆ ಕಾಗದದಲ್ಲಿ 8,460 ಡಾಲರ್ ಅಂತ ಬರೆದಿತ್ತು. ಎದೆ ಧಸಕ್ಕೆಂದಿತು. ಕೆಳಗೆ ಓದಿದರೆ, ದವಾಖಾನಿ ಮತ್ತು ಇನ್ಶೂರೆನ್ಸ್ ಕಂಪನಿ ತಮ್ಮತಮ್ಮಲ್ಲೇ ಮಾತಾಡಿಕೊಂಡ ದರ 3,900. ಅಂದರೆ ಮೊದಲಿನ ಅಂಕಿ ಯಾರೂ ಕೊಡುವ ಬೆಲೆಯೇ ಅಲ್ಲ, ಇನ್ಶೂರೆನ್ಸ್ ಇಲ್ಲದ ಬಡಪಾಯಿ ಬಿಟ್ಟರೆ. ನನ್ನ ಪಾಲಿಸಿಯಲ್ಲಿ ಮೊದಲ 2,000 ಡಾಲರ್ ನಾನೇ ಕೊಡಬೇಕು, ಉಳಿದದ್ದರಲ್ಲಿ ನೂರಕ್ಕೆ ಇಪ್ಪತ್ತು ಕೊಡಬೇಕು. 2,380 ಆಯಿತು. ಮುಗಿಯಿತೆಂದುಕೊಂಡರೆ ಇನ್ನೊಂದು ಲಕೋಟೆ: ನನ್ನನ್ನು ಹತ್ತು ನಿಮಿಷ ನೋಡಿದ ಡಾಕ್ಟರದು. ದವಾಖಾನಿ ನನ್ನ ಇನ್ಶೂರೆನ್ಸ್ ಪಟ್ಟಿಯೊಳಗೆ ಇತ್ತು, ಡಾಕ್ಟರು ಪಟ್ಟಿಯ ಹೊರಗೆ! 1,140 ಕೇಳಿದ್ದರು. ಮೂರು ಸಲ ಫೋನ್ ಮಾಡಿ, ಬಟ್ಟೆ ಅಂಗಡಿಯಲ್ಲಿ ಸೀರೆಗೆ ಚೌಕಾಸಿ ಮಾಡುವ ಹಾಗೆ ಮಾಡಿ 700ಕ್ಕೆ ತಂದೆ. ಒಟ್ಟು 3,080 ಡಾಲರ್, ಆಗಿನ ರೂಪಾಯಿ ಲೆಕ್ಕದಲ್ಲಿ ಎರಡು ಲಕ್ಷದ ಮೇಲೆ. ಒಂದು ಸೂಜಿ, ಒಂದು ಸ್ಕ್ಯಾನ್, ಒಂದು ಜಾಲರಿ. ಇದರ ಮೇಲೆ ಹದಿನೈದು ದಿನಕ್ಕೊಮ್ಮೆ ಸಂಬಳದಿಂದ ಇನ್ಶೂರೆನ್ಸಿನ ಕಂತು ಕಡಿತ ಬೇರೆ.

ಇಂಥ ದಿಢೀರ್ ಬಿಲ್ಲುಗಳಿಗೆ ಕಡಿವಾಣ ಹಾಕುವ ಕಾನೂನು 2022ರ ಜನವರಿಯಿಂದ ಜಾರಿಯಾಗಿದೆ. ರಸ್ತೆ ಮೇಲಿನ ಆಂಬುಲೆನ್ಸ್ ಮಾತ್ರ ಅದರೊಳಗೆ ಸೇರಿಲ್ಲ. ರೂಮ್‌ಮೇಟ್ ಹೇಳಿದ್ದು ಈಗಲೂ ಸರಿಯೇ.

ಇಂಗ್ಲೆಂಡಿನಲ್ಲಿ ದುಡ್ಡಿನ ಮಾತೇ ಇಲ್ಲ, ನೇರವಾಗಿ ಇಲ್ಲ. 1948ರ ಜುಲೈ 5ರಂದು ಶುರುವಾದ ಅವರ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ತೆರಿಗೆ ಹಣದಲ್ಲಿ ನಡೆಯುತ್ತದೆ. ನಮ್ಮಂಥ ವೀಸಾದವರು ವೀಸಾ ಅರ್ಜಿಯ ಜೊತೆಗೇ ವರ್ಷಕ್ಕೆ 624 ಪೌಂಡ್ ಆರೋಗ್ಯ ಶುಲ್ಕ ಕಟ್ಟಿ ಬಂದಿರುತ್ತೇವೆ, ಅದೂ ತಲೆಗೊಂದರಂತೆ. 2024ರ ಫೆಬ್ರವರಿಯಿಂದ ಅದು 1,035 ಆಗಿದೆ. ಆದ್ದರಿಂದ ಯಾರಾದರೂ "ಪುಕ್ಸಟ್ಟಿ" ಅಂದರೆ ನನಗೆ ಸ್ವಲ್ಪ ಉರಿಯುತ್ತದೆ.

ನೋವು ಬಂದಾಗ ಅವರ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿದೆ. ಫೋನ್ ಎತ್ತಿದ ಹೆಣ್ಣುಮಗಳು ಇಪ್ಪತ್ತು ಪ್ರಶ್ನೆ ಕೇಳಿ ತುರ್ತು ವಿಭಾಗಕ್ಕೆ ಹೋಗು ಅಂದಳು. ಅಲ್ಲಿ ಆರೂವರೆ ತಾಸು ಪ್ಲಾಸ್ಟಿಕ್ ಕುರ್ಚಿ. ನಾಲ್ಕು ತಾಸಿನೊಳಗೆ ನೋಡಿ ಮುಗಿಸಬೇಕೆಂಬುದು ಅವರದೇ ಗುರಿ, ಗೋಡೆ ಮೇಲೆ ಬರೆದದ್ದೂ ಇತ್ತು. ನೋವಿಗೆ ಅವರು ಕೊಟ್ಟ ಔಷಧಿ ಯಾವ ದಾರಿಯಿಂದ ಹಾಕುವಂಥದ್ದು ಎಂದು ಇಲ್ಲಿ ಬರೆಯಲಾರೆ. ಬಾಯಿಂದಲ್ಲ, ಕೈಯಿಂದಲೂ ಅಲ್ಲ, ಅಷ್ಟು ತಿಳಿದುಕೊಳ್ಳಿ. ಕಲಬುರಗಿ ಗಂಡಸಿನ ಮಾನ ಆ ಪರದೆಯ ಹಿಂದೆಯೇ ಉಳಿದುಹೋಯಿತು. ಆದರೆ ಅರ್ಧ ತಾಸಿನಲ್ಲಿ ನೋವು ಇಳಿದದ್ದು ಖರೆ.

ಬೆಳಿಗ್ಗೆ ಸ್ಕ್ಯಾನ್ ಆಯಿತು, ಹರಳು ಕಂಡಿತು, "ತಜ್ಞರ ಕಾಗದ ಮನೆಗೆ ಬರ್ತದೆ" ಎಂದರು. ಬಂತು, ತಾರೀಖು ಹನ್ನೊಂದು ವಾರದ ಮುಂದಿನದು. ಹರಳು ಅಷ್ಟು ದಿನ ಕಾಯಲಿಲ್ಲ, ನಾಲ್ಕನೇ ವಾರದಲ್ಲಿ ಬಿತ್ತು. ನಾನು ಖರ್ಚು ಮಾಡಿದ್ದು ಎರಡು ಔಷಧಿಗೆ ತಲಾ 9.35 ಪೌಂಡ್, ಮತ್ತೆ ದವಾಖಾನಿಯ ಕಾರ್ ಪಾರ್ಕಿಂಗಿಗೆ 8.60. ಸ್ಕಾಟ್‌ಲೆಂಡ್, ವೇಲ್ಸ್‌ನಲ್ಲಿದ್ದರೆ ಔಷಧಿಗೂ ದುಡ್ಡಿಲ್ಲ. ಆ ನಾಲ್ಕು ವಾರ ದಿನಾ ರಾತ್ರಿ ಇವತ್ತು ಮತ್ತೆ ಬರ್ತದೇನೋ ಎಂದು ಹೆದರಿ ಮಲಗಿದ್ದನ್ನು ಯಾವ ಕಾಗದದಲ್ಲೂ ಬರೆದಿಲ್ಲ. ಆದರೂ ಒಂದು ಮಾತು: ಅದೇ ವರ್ಷ ಹೆಂಡತಿಯ ಹೆರಿಗೆಯೂ ಅಲ್ಲೇ ಆಯಿತು. ಸೂಲಗಿತ್ತಿ ನರ್ಸು ಮನೆಗೇ ಬಂದು ಕೂಸಿನ ತೂಕ ನೋಡಿ ಹೋದಳು. ಅದರ ಮುಂದೆ ಮಿಕ್ಕೆರಡು ದೇಶ ಸುಮ್ಮನಿರಬೇಕು.

ಇನ್ನು ನಮ್ಮೂರು. 9 ಮಿಲಿಮೀಟರ್ ಅಂದ ಕೂಡಲೇ ಬೀಗರಿಂದ ಹಿಡಿದು ಕಿರಾಣಿ ಅಂಗಡಿಯವನವರೆಗೆ ಎಲ್ಲರ ಬಾಯಲ್ಲೂ ಒಂದೇ: "ಸೊಲ್ಲಾಪುರಕ್ಕ ಹೋಗ್ರಿ, ಇಲ್ಲಂದ್ರ ಹೈದರಾಬಾದ್." ಇದು ನಮ್ಮ ಭಾಗದ ಹಳೇ ಚಾಳಿ, ಇಲ್ಲಿ ಇಲ್ಲದ್ದು ಅಲ್ಲಿದೆ ಎಂಬ ನಂಬಿಕೆ. ಅವ್ವ ಹುರುಳಿ ಕಟ್ಟು, ಬಾಳೆದಿಂಡಿನ ರಸ ಶುರು ಮಾಡಿದಳು. ಬೋರಿನ ನೀರನ್ನು ಎಲ್ಲರೂ ಬೈದರು. ಡಾಕ್ಟರು ಮಾತ್ರ, "ನೀರು ಯಾವುದಾದ್ರೂ ಇರ್ಲಿ, ಮೊದಲು ಕುಡೀರಿ. ಇಷ್ಟು ಬಿಸಲಾಗ ದಿನಕ್ಕ ಒಂದೇ ಲೀಟರ್ ಕುಡದ್ರ ಮತ್ತೇನಾಗ್ತದ" ಎಂದರು.

ಸೇಡಂ ರಸ್ತೆಯ ಕಡೆ ನಡೆದರೆ ಹೆಜ್ಜೆಗೊಂದು ಸ್ಕ್ಯಾನ್ ಸೆಂಟರ್, ಔಷಧಿ ಅಂಗಡಿ. ಬೆಳಿಗ್ಗೆ ಹತ್ತಕ್ಕೆ ಮೂತ್ರರೋಗ ತಜ್ಞರ ಮುಂದೆ ಕೂತೆ, ಫೀಸು 500. ಸೋನೋಗ್ರಫಿ 900, ಸಿಟಿ 3,200, ರಕ್ತ ಮೂತ್ರ 1,100. ಸಂಜೆ ಐದಕ್ಕೆ ಎಲ್ಲ ವರದಿ ಕೈಯಲ್ಲಿ. "ನಾಳೆ ಮಾಡಿಬಿಡೋಣ, ಲೇಸರ್‌ನಿಂದ ಪುಡಿ ಮಾಡಿ, ಮೂತ್ರನಾಳದಲ್ಲಿ ಸ್ಟೆಂಟ್ ಅಂತ ಸಣ್ಣ ಪೈಪು ಇಡ್ತೀನಿ, 42 ಸಾವಿರ" ಎಂದರು. ಬೆಲೆ ಮೊದಲೇ ಬಾಯಿಬಿಟ್ಟು ಹೇಳಿದ್ದು ಮೂರು ದೇಶದಲ್ಲಿ ಇಲ್ಲಿ ಮಾತ್ರ. ಕೊನೆಗೆ ಸ್ಟೆಂಟ್ ತೆಗೆದ 4,000, ಔಷಧಿ 2,600 ಸೇರಿ 54,300 ಆಯಿತು. ಅಮೆರಿಕದ ಆ ಒಂದು ರಾತ್ರಿಯ ಕಾಲುಭಾಗ, ಆಪರೇಷನ್ ಸಮೇತ.

ಆದರೆ ಇಲ್ಲಿ ರೋಗಿ ಒಬ್ಬನೇ ಹೋದರೆ ಕೆಲಸ ನಡೆಯುವುದಿಲ್ಲ. ರಕ್ತದ ಶೀಶೆ ಲ್ಯಾಬಿಗೆ ಒಯ್ಯಲು ತಮ್ಮ, ಚೀಟಿ ಹಿಡಿದು ಔಷಧಿ ತರಲು ಭಾವ, ಊಟದ ಡಬ್ಬಿ ತರಲು ಅವ್ವ, ರಾತ್ರಿ ಹಾಸಿಗೆ ಪಕ್ಕ ನೆಲದ ಮೇಲೆ ಮಲಗಲು ಹೆಂಡತಿ. ಇಂಗ್ಲೆಂಡಿನಲ್ಲಿ ಒಬ್ಬನೇ ಹೋಗಿ ಒಬ್ಬನೇ ಬಂದೆ. ಇಲ್ಲಿ ನಾಲ್ಕು ಜನರ ಎರಡು ದಿನದ ದುಡಿಮೆ ಹೋಯಿತು, ಬಿಲ್ಲಿನಲ್ಲಿ ಆ ಸಾಲು ಇಲ್ಲ. ಇನ್ಶೂರೆನ್ಸ್ ಇತ್ತು, ಕ್ಯಾಶ್‌ಲೆಸ್. ಡಿಸ್ಚಾರ್ಜ್ ಅಂದದ್ದು ಬೆಳಿಗ್ಗೆ ಹತ್ತಕ್ಕೆ, ಕಂಪನಿಯ ಒಪ್ಪಿಗೆ ಬಂದದ್ದು ಸಂಜೆ ಐದೂವರೆಗೆ. ಮೂರು ತಾಸಿನೊಳಗೆ ಕೊಡಬೇಕೆಂದು 2024ರಲ್ಲೇ ವಿಮಾ ಪ್ರಾಧಿಕಾರ ಸುತ್ತೋಲೆ ಹೊರಡಿಸಿತ್ತು. ಕೌಂಟರಿನ ಹುಡುಗನಿಗೆ ಹೇಳಿದೆ, ಅವನು ನಕ್ಕ.

ರೂಮು ಖಾಲಿ ಇಲ್ಲವೆಂದು ಮೊದಲ ರಾತ್ರಿ ಜನರಲ್ ವಾರ್ಡಿನಲ್ಲಿ ಹಾಕಿದ್ದರು. ಪಕ್ಕದ ಹಾಸಿಗೆಯಲ್ಲಿ ಚಿಂಚೋಳಿ ಕಡೆಯ ಒಬ್ಬ ರೈತ, ನನ್ನಷ್ಟೇ ವಯಸ್ಸು, ನನ್ನಂಥದೇ ಹರಳು. ಬಿಪಿಎಲ್ ಕಾರ್ಡು ಇತ್ತು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪುಕ್ಸಟ್ಟಿ ಚಿಕಿತ್ಸೆ ಉಂಟು. ಅಂದರೆ ಆಪರೇಷನ್ನಿಗೆ ಅವನು ಒಂದು ಪೈಸೆಯೂ ಕೊಡಲಿಲ್ಲ. ಕಾಗದದ ಮೇಲೆ ಇಂಗ್ಲೆಂಡಿಗಿಂತಲೂ ಅಗ್ಗ, ಪಾರ್ಕಿಂಗೂ ಇಲ್ಲ.

ಆದರೆ ಅವನಿಗೆ ನೋವು ಶುರುವಾಗಿ ನಲವತ್ತು ದಿನವಾಗಿತ್ತು. ಜೀವ ಹೋಗುವಂಥ ತುರ್ತು ಅಲ್ಲದಿದ್ದರೆ ಖಾಸಗಿ ದವಾಖಾನಿಗೆ ಬರಲು ಸರಕಾರಿ ದವಾಖಾನಿಯ ರೆಫರಲ್ ಚೀಟಿ ಬೇಕು. ಅದಕ್ಕಾಗಿ ಮೂರು ಸಲ ಓಡಾಡಿದ್ದ: ಒಮ್ಮೆ ಡಾಕ್ಟರು ಇರಲಿಲ್ಲ, ಒಮ್ಮೆ ಆಧಾರಿನ ಹೆಸರು ರೇಶನ್ ಕಾರ್ಡಿಗೆ ಹೊಂದಲಿಲ್ಲ. ನಾನು ಒಂದೇ ದಿನದಲ್ಲಿ ದಾಟಿದ ದಾರಿ ಅದು. ಡಲ್ಲಾಸಿಗೂ ಕಲಬುರಗಿಗೂ ಇರುವ ಅಂತರಕ್ಕಿಂತ ನನ್ನ ಹಾಸಿಗೆಗೂ ಅವನ ಹಾಸಿಗೆಗೂ ಇದ್ದ ಅಂತರ ದೊಡ್ಡದೆಂದು ನನಗೆ ಆ ರಾತ್ರಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಊರು ಬದಲಾಗಿಲ್ಲ ಅಂತಲ್ಲ. ಆ ಡಿಸೆಂಬರಿನಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಯ ಹೊಸ ಕಟ್ಟಡ ಉದ್ಘಾಟನೆಯಾಯಿತು, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ನೆನಪಿಗೆ ಬರುವ ಅಂಕಿ. ಎದೆನೋವಿಗೂ ಸೊಲ್ಲಾಪುರದ ರೈಲು ಹತ್ತುತ್ತಿದ್ದ ಜನ ಇನ್ನು ಇಲ್ಲೇ ಇಳಿಯಬಹುದು.

ಹಾಗಾದರೆ ಯಾವುದು ಬೇಕು ಎಂದು ಕೇಳಿದರೆ: ಹರಳಿಗೆ ಕಲಬುರಗಿ, ಕೈಯಲ್ಲಿ ಅರ್ಧ ಲಕ್ಷ ಇದ್ದರೆ ಮತ್ತು ಓಡಾಡುವ ತಮ್ಮನಿದ್ದರೆ. ಹೆರಿಗೆಗೆ, ಸಕ್ಕರೆ ಕಾಯಿಲೆಯಂಥ ದಿನನಿತ್ಯದ ಬ್ಯಾನೆಗೆ ಇಂಗ್ಲೆಂಡ್. ಅಮೆರಿಕ, ನಿಮ್ಮ ನೌಕರಿ ಗಟ್ಟಿಯಿದ್ದರೆ ಮಾತ್ರ. ಅಲ್ಲಿ ನೌಕರಿ ಹೋದರೆ ಇನ್ಶೂರೆನ್ಸೂ ಅದರ ಹಿಂದೆ ಹೊರಡುತ್ತದೆ.

ಡಿಸೆಂಬರ್ ಕೊನೆಗೆ ಸ್ಟೆಂಟ್ ತೆಗೆಸಲು ಹೋದಾಗ ಕೌಂಟರಿನಲ್ಲಿ ಚಿಂಚೋಳಿಯವನ ಹೆಂಡತಿ ನಿಂತಿದ್ದಳು, ಒಬ್ಬಳೇ. ಅವನ ತಾರೀಖೂ ಅದೇ ದಿನದ್ದು. ಹುಡುಗ ಕೇಳಿದ, ಪೇಶಂಟ್ ಎಲ್ಲಿ?

"ಅವ್ರು ತೊಗರಿ ರಾಶಿಗಿ ಹೋಗ್ಯಾರ್ರಿ. ನಂಗ ಬಸ್ ಪುಕ್ಸಟ್ಟಿ ಅದಲ್ಲ, ಅದಕ್ಕ ನಾನೇ ಬಂದೀನಿ. ತಾರೀಖ ಮುಂದ ಹಾಕಿ ಕೊಡ್ರಿ."

ಒಳಗೆ ಪೈಪು ಇದೆ, ಬಹಳ ದಿನ ಬಿಟ್ಟರೆ ಅದರ ಮೇಲೆಯೇ ಹರಳು ಕಟ್ಟುತ್ತದೆ, ಅವನೇ ಬರಬೇಕು ಎಂದು ಹುಡುಗ ಎರಡು ಸಲ ಹೇಳಿದ. ಅವಳು ಎರಡು ಸಲವೂ ತಲೆ ಆಡಿಸಿದಳು. ಹೊಸ ತಾರೀಖಿನ ಚೀಟಿ ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಎರಡೂವರೆಯ ಬಸ್ಸು ಹೋಗಿಬಿಟ್ಟಿತೇನೋ ಎಂದು ಗೋಡೆಯ ಗಡಿಯಾರ ನೋಡಿದಳು.